ರೇಟು ಎರಡು ಸಾವಿರ ದಾಟಿದಾಗಲೂ ಏಳದ ಯಜಮಾನರು: ಶ್ರೀನಿವಾಸಪುರ ಕಡೆಯ ಒಂದು ಪ್ರಕರಣ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತು. ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಇಟ್ಟವರು ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ. ತೋಟಕ್ಕೆ ಕಾವಲು, ಮಂಡಿಗೆ ಓಟ, ಕಿವಿಗೆ ಅಂಟಿದ ಫೋನು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 62 ವರ್ಷದ ಯಜಮಾನರೊಬ್ಬರು ಮಾತ್ರ ಜಗಲಿ ಮೇಲೆ ಕೂತೇ ಇದ್ದರು. ತೋಟ ಅವರದೇ. ಗಿಡದ ತುಂಬ ಕಾಯಿ. ಮಗ ಮಂಡಿಯಿಂದ ಓಡಿ ಬಂದು ರೇಟು ಹೇಳಿದ. "ಹೌದಾ" ಅಂದರು. ಅಷ್ಟೇ.

ಅವರು ನಮ್ಮ ಹತ್ತಿರ ಬಂದಿದ್ದು 2024ರ ಆರಂಭದಲ್ಲಿ. ಹೆಸರು, ಊರು ಇಲ್ಲಿ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಅವರ ನೆನಪು, ಗಮನ, ಲೆಕ್ಕ ಇವನ್ನೆಲ್ಲ ಪರೀಕ್ಷೆ ಮಾಡಿದ್ದು ನಾನು. ಸ್ಕ್ಯಾನ್ ಓದಿದ್ದು ರೇಡಿಯಾಲಜಿಸ್ಟ್, ಔಷಧಿ ಬರೆದದ್ದು ನ್ಯೂರಾಲಜಿಸ್ಟ್. ತಲೆಯ ಸ್ಕ್ಯಾನ್ ಒಂದು ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಅಂತ ನಂಬಿ ಬರುವ ಮನೆಯವರು ಜಾಸ್ತಿ. ಈ ಕೇಸಿನಲ್ಲಿ ಸ್ಕ್ಯಾನ್ ನಿಜಕ್ಕೂ ಕೆಲಸಕ್ಕೆ ಬಂತು. ಆದರೆ ಅದು ಕೆಲಸಕ್ಕೆ ಬಂದಿದ್ದು ಜಗಲಿಯ ಕಥೆ, ಬಿಪಿ ಪಟ್ಟಿ ಮತ್ತು ನಡಿಗೆ, ಈ ಮೂರನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದ್ದರಿಂದ.

ಮನೆಯವರು ಹೇಳಿದ್ದು

ಹಿಂದೆ ಅವರು ಹೀಗಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮೋಟಾರು ಹಾಕಿ ಬರುತ್ತಿದ್ದರು. ಮಾವಿನ ತೋಟವೂ ಇತ್ತು. ಕಸಿ ಕಟ್ಟುವುದರಲ್ಲಿ ಅವರ ಕೈ ಒಳ್ಳೆಯದು ಅಂತ ಪಕ್ಕದ ಊರಿನವರೂ ಕರೆಯುತ್ತಿದ್ದರಂತೆ. ಚೌಕಾಸಿಗೆ ನಿಂತರೆ ಹತ್ತು ರೂಪಾಯಿಯನ್ನೂ ಬಿಡುವ ಆಸಾಮಿ ಅಲ್ಲ.

ಬದಲಾವಣೆ ಸುಮಾರು ಎರಡು ವರ್ಷದಲ್ಲಿ ನಿಧಾನವಾಗಿ ಆಯಿತು. ಮೊದಲು ಕಸಿ ಕಟ್ಟುವುದು ಬಿಟ್ಟರು. ಆಮೇಲೆ ಮಂಡಿಗೆ ಹೋಗುವುದು. ಆಮೇಲೆ ಗಡ್ಡ ಬೋಳಿಸಿಕೊಳ್ಳುವುದು. ಊಟ ಕೊಟ್ಟರೆ ಉಣ್ಣುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಯಾರ ಹೆಸರೂ ಮರೆತಿಲ್ಲ, ದಾರಿ ತಪ್ಪಿಲ್ಲ. "ಜಗಳಾನೂ ಆಡಲ್ಲ ಮೇಡಂ. ನನಗೆ ಅದೇ ಭಯ" ಅಂದರು ಹೆಂಡತಿ. ನಲವತ್ತು ವರ್ಷ ಸಂಸಾರ ಮಾಡಿದವರ ಮಾತು. ನಾನು ಆವತ್ತು ಬರೆದುಕೊಂಡ ನೋಟ್ಸಿನಲ್ಲಿ ಇದಕ್ಕಿಂತ ತೂಕದ ಸಾಲು ಇನ್ನೊಂದಿಲ್ಲ.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಾಳಿ ಸೋಕಿದೆ ಅಂದವರು ತೋಳಿಗೆ ತಾಯತ ಕಟ್ಟಿಸಿದರು. ಹಿಂದಿನ ಬೆಳೆಯಲ್ಲಿ ರೇಟು ಬಿದ್ದು ನಷ್ಟ ಆಗಿತ್ತು, ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಅಂದವರು ಕೆಲವರು. ಮಗ ದುಡಿಯುತ್ತಾನೆ, ಇವನಿಗೇನು, ಸೋಮಾರಿತನ ಅಂದರು ನೆಂಟರು. ಒಂದು ಕ್ಲಿನಿಕ್ಕಿನಲ್ಲಿ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಹಲವು ತಿಂಗಳು ನುಂಗಿದರು. ಗುಣ ಕಾಣಲಿಲ್ಲ. ಇನ್ನಷ್ಟು ಮಂಕಾದರು ಅಂತ ಮಗ ಹೇಳಿದ.

ಎರಡು ಸಂಗತಿಗಳನ್ನು ಯಾರೂ ತಾವಾಗಿ ಹೇಳಲಿಲ್ಲ. ಕೇಳಿದ ಮೇಲೆ ಬಂದವು. ಒಂದು, ನಡಿಗೆ. ಹೆಜ್ಜೆ ಚಿಕ್ಕದಾಗಿದೆ, ಪಾದ ನೆಲಕ್ಕೆ ಉಜ್ಜಿದ ಹಾಗೆ ನಡೆಯುತ್ತಾರೆ. ಎರಡು, ಮೂತ್ರಕ್ಕೆ ಅವಸರ. ರಾತ್ರಿ ಎದ್ದು ಹೋಗುವಷ್ಟರಲ್ಲಿ ಪಂಚೆ ಒದ್ದೆ. ಇದನ್ನು ಹೇಳುವಾಗ ಸೊಸೆ ಎದ್ದು ಆಚೆ ಹೋದಳು. ವಯಸ್ಸಾಯಿತಲ್ಲ ಅಂತ ಮನೆಯವರು ಇವೆರಡನ್ನೂ ಪಕ್ಕಕ್ಕೆ ಇಟ್ಟಿದ್ದರು.

ಬಿಪಿ ಇರುವುದು ಮೊದಲೇ ಗೊತ್ತಿತ್ತು. ಮಾತ್ರೆ ನಿಲ್ಲಿಸಿ ನಾಲ್ಕು ವರ್ಷ ಆಗಿತ್ತು. ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ಯಾಕೆ ಮಾತ್ರೆ ಅಂತ. ನಮ್ಮ ಹತ್ತಿರ ಬಂದ ದಿನ 178/104 ಇತ್ತು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆ ಕಾಯಿಲೆ ಇರಲಿಲ್ಲ. ಬೀಡಿ ಇತ್ತು, ಬಿಟ್ಟು ಕೆಲವು ವರ್ಷ ಆಗಿತ್ತು.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮವೊಂದನ್ನು ಶುರು ಮಾಡಿದವು. ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಅದರಲ್ಲಿದ್ದವು. ಪಿಎಚ್‌ಸಿಯಿಂದ ಜಿಲ್ಲಾಸ್ಪತ್ರೆಗೆ ಇಂಥ ಕೇಸುಗಳನ್ನು ಕಳಿಸುವ ರೂಢಿ ಸ್ವಲ್ಪ ಬಂದಿದ್ದು ಆಮೇಲೆ. ಅದಕ್ಕೂ ಮುಂಚೆ ಇಂಥವರು ಸೀದಾ ಬೆಂಗಳೂರಿಗೆ ಹೋಗುತ್ತಿದ್ದರು, ಇಲ್ಲದಿದ್ದರೆ ಜಗಲಿಯಲ್ಲೇ ಉಳಿಯುತ್ತಿದ್ದರು.

ಖಿನ್ನತೆಯಾ, ಬೇರೆ ಏನಾದರೂನಾ?

"ಬೇಜಾರಾಗಿದೆಯಾ ಯಜಮಾನ್ರೇ?" ಅಂದೆ. "ಇಲ್ಲ." "ಅಳು ಬರುತ್ತಾ?" "ಇಲ್ಲ." "ಮತ್ತೆ ತೋಟಕ್ಕೆ ಯಾಕೆ ಹೋಗಲ್ಲ?" ತುಂಬ ಹೊತ್ತು ಸುಮ್ಮನಿದ್ದು, "ಹೋಗಬೇಕು" ಅಂದರು. ಆ ಮಾತಿನಲ್ಲಿ ನೋವೂ ಇಲ್ಲ, ನೆಪವೂ ಇಲ್ಲ.

ಖಿನ್ನತೆ ಇದ್ದವರಲ್ಲಿ ಏನೋ ಒಂದು ಕೊರೆಯುತ್ತಿರುತ್ತದೆ. ತಪ್ಪಿತಸ್ಥ ಭಾವ, ಕೆಟ್ಟ ಯೋಚನೆ, ಬೆಳಗಿನ ಜಾವ ಎಚ್ಚರ. ಇವರಿಗೆ ನಿದ್ದೆ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು. ಹಾಗಿದ್ದರೂ ವಯಸ್ಸಾದವರ ಖಿನ್ನತೆಗೆ ನಾವು ಬಳಸುವ ಪ್ರಶ್ನಾವಳಿಯಲ್ಲಿ ಇವರಿಗೆ ಅಂಕ ಏರುತ್ತದೆ. ಯಾಕೆಂದರೆ ಅದರಲ್ಲಿ "ಮೊದಲು ಮಾಡುತ್ತಿದ್ದ ಕೆಲಸ ಬಿಟ್ಟಿದ್ದೀರಾ?", "ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ವಾಸಿ ಅನಿಸುತ್ತದಾ?" ಅನ್ನುವಂಥ ಪ್ರಶ್ನೆಗಳಿವೆ. ಎರಡಕ್ಕೂ ಹೌದು ಅನ್ನುತ್ತಾರೆ. ಅಂಕ ನೋಡಿ ಮಾತ್ರೆ ಬರೆದರೆ ಹೀಗಾಗುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕೆಲವರಲ್ಲಿ ಈ ನಿರಾಸಕ್ತಿಯನ್ನು ಇನ್ನೂ ಹೆಚ್ಚು ಮಾಡುತ್ತವೆ.

ನೆನಪಿನ ಪರೀಕ್ಷೆ ಮಾಡಬೇಕಿತ್ತು. ಅವರು ಓದಿದ್ದು ನಾಲ್ಕನೇ ಕ್ಲಾಸು. ಗಡಿಯಾರ ಬರಿ, ನೂರರಿಂದ ಏಳೇಳು ಕಳೆಯುತ್ತಾ ಹೋಗು ಅಂದರೆ ಅದು ಶಾಲೆಯ ಪರೀಕ್ಷೆ ಆಗುತ್ತದೆ, ಮೆದುಳಿನ ಪರೀಕ್ಷೆ ಆಗುವುದಿಲ್ಲ. ಹಾಗಾಗಿ ಮಂಡಿಯ ಲೆಕ್ಕ ಕೇಳಿದೆ. ಬಾಕ್ಸು 450 ರೂಪಾಯಿ, ಆರು ಬಾಕ್ಸಿಗೆ ಎಷ್ಟು? ಬಹಳ ಹೊತ್ತಾದ ಮೇಲೆ "ಎರಡು ಸಾವಿರದ ಏಳ್ನೂರು" ಅಂದರು. ಸರಿ. ಅದರಲ್ಲಿ ನೂರಕ್ಕೆ ಹತ್ತು ಕಳೆದರೆ? ತುಟಿ ಅಲ್ಲಾಡಿತು, ನಿಂತಿತು. ನನ್ನ ಮುಖ ನೋಡುತ್ತಾ ಕೂತರು. "ಕಳೀರಿ ಯಜಮಾನ್ರೇ" ಅಂದೆ. "ಎರಡು ಸಾವಿರದ ನಾನೂರ ಮೂವತ್ತು." ಉತ್ತರ ಒಳಗೇ ಇತ್ತು. ಹೊರಗಿನಿಂದ ಒಂದು ಮಾತು ಬೇಕಿತ್ತು.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳುತ್ತೀರಿ ಅಂತ ಕೇಳಿದಾಗಲೂ ಇದೇ. ಹಸು, ಎಮ್ಮೆ, ಕುರಿ, ಮೇಕ, ನಾಯಿ. ನಿಂತರು. ನಿಮಿಷ ಮುಗಿದ ಮೇಲೆ "ಕಾಡಿನಲ್ಲಿ?" ಅಂದೆ. ಆನೆ, ಚಿರತೆ, ನಕ್ಕ (ನರಿ), ಕುಂದೇಲು (ಮೊಲ) ಅಂತ ಬಂತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಮಾಮೂಲು. ಯಾವ ಭಾಷೆಯಲ್ಲಿ ಹೇಳಿದರೂ ಲೆಕ್ಕಕ್ಕೆ ತಗೋಬೇಕು. ಇದನ್ನು ಬಿಟ್ಟು ಕನ್ನಡದಲ್ಲೇ ಹೇಳಿ ಅಂತ ಕೂತರೆ ಇಲ್ಲದ ಕಾಯಿಲೆ ಹುಟ್ಟುತ್ತದೆ.

ಹತ್ತು ಪದಗಳ ಪಟ್ಟಿ ಕೊಟ್ಟು ಇಪ್ಪತ್ತು ನಿಮಿಷ ಬಿಟ್ಟು ಕೇಳಿದಾಗ ಮೂರೇ ಹೇಳಿದರು. ಆದರೆ ಬೇರೆ ಪದಗಳ ಜೊತೆ ಬೆರೆಸಿ "ಇದು ಇತ್ತಾ?" ಅಂತ ಕೇಳಿದಾಗ ಒಂಬತ್ತನ್ನು ಗುರುತು ಹಿಡಿದರು. ಆಲ್‌ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅಲ್ಲಿ ಪದ ಒಳಗೆ ಉಳಿದೇ ಇರುವುದಿಲ್ಲ, ಸುಳಿವು ಕೊಟ್ಟರೂ ಹೆಚ್ಚು ಉಪಯೋಗವಿಲ್ಲ. ಇವರಲ್ಲಿ ಪದ ಇದೆ, ತೆಗೆಯುವುದು ಕಷ್ಟ. ಬಿ12, ಥೈರಾಯ್ಡ್ ಸರಿ ಇತ್ತು. ನಿಧಾನ, ನಿರಾಸಕ್ತಿ, ಚಿಕ್ಕ ಹೆಜ್ಜೆ, ಮೂತ್ರದ ಅವಸರ, ಬಿಟ್ಟುಬಿಟ್ಟ ಬಿಪಿ ಮಾತ್ರೆ. ಇಷ್ಟು ಸೇರಿದಾಗ ನ್ಯೂರಾಲಜಿಸ್ಟ್‌ಗೆ ಅನುಮಾನ ಬಂದಿದ್ದು ಮೆದುಳಿನ ಸಣ್ಣ ರಕ್ತನಾಳಗಳ ಮೇಲೆ. ಇಲ್ಲಿಯವರೆಗೆ ಯಾರೂ ಸ್ಕ್ಯಾನ್ ಮಾಡಿರಲಿಲ್ಲ ಅನ್ನುವುದನ್ನು ಗಮನಿಸಿ.

ಯಂತ್ರದೊಳಗೆ

ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಮೈಮೇಲಿನದ್ದೆಲ್ಲ ತೆಗೆಯಬೇಕು. ಬೆಳ್ಳಿ ಉಡುದಾರ ಬಿಚ್ಚಲು ಹೆಂಡತಿಗೆ ಮನಸ್ಸಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಅದು ವಿದ್ಯುತ್ತನ್ನು ಹರಿಸುತ್ತದೆ, ಬಿಸಿಯಾಗಬಹುದು, ಚಿತ್ರವೂ ಕೆಡಬಹುದು. ತಾಯತದ ಕಥೆ ಬೇರೆ. ಒಳಗಿನ ತಗಡು ಯಾವ ಲೋಹವೋ ಕಟ್ಟಿದವನಿಗೇ ಗೊತ್ತಿರುವುದಿಲ್ಲ. ದಾರ ಕತ್ತರಿಸಬೇಡಿ ಅಂತ ಹೆಂಡತಿ ಬೇಡಿಕೊಂಡರು. ಟೆಕ್ನಿಷಿಯನ್ ತಾಳ್ಮೆಯಿಂದ ಗಂಟು ಬಿಚ್ಚಿ ಅವರ ಸೆರಗಿನಲ್ಲೇ ಕಟ್ಟಿಕೊಟ್ಟ. ನಮ್ಮ ಕಡೆ ಎಂಆರ್‌ಐ ಮಾಡುವವರಿಗೆ ಈ ನಾಜೂಕು ಬೇಕು.

ಒಳಗೆ ಅರ್ಧ ಗಂಟೆ. ಟಕ ಟಕ ಸದ್ದು, ಇಕ್ಕಟ್ಟು. ಸಾಮಾನ್ಯವಾಗಿ ಜನ ಒದ್ದಾಡುತ್ತಾರೆ, ಕೈಯಲ್ಲಿರುವ ಬೆಲ್ ಒತ್ತುತ್ತಾರೆ, ಕೆಮ್ಮುತ್ತಾರೆ. ಇವರು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. "ಇಷ್ಟು ಚೆನ್ನಾಗಿ ಮಲಗೋರು ಸಿಗಲ್ಲ ಮೇಡಂ" ಅಂತ ಟೆಕ್ನಿಷಿಯನ್ ಖುಷಿಯಾಗಿ ಹೇಳಿದ. ಚಿತ್ರ ಸ್ಫುಟವಾಗಿ ಬಂದಿದ್ದು ಅವರ ಕಾಯಿಲೆಯಿಂದಲೇ ಅಂತ ನನಗೆ ಅನಿಸಿತು. ಇದು ಬರೀ ತಮಾಷೆ ಮಾತಲ್ಲ. ಸಂಶೋಧನೆಯಲ್ಲಿ ಇದು ದೊಡ್ಡ ತಲೆನೋವು. ಚಡಪಡಿಸುವ ಮಕ್ಕಳನ್ನೂ ಸುಮ್ಮನೆ ಮಲಗುವ ಮಕ್ಕಳನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರೆ, ಮೆದುಳಿನ ವ್ಯತ್ಯಾಸ ಅಂತ ಕಾಣುವುದರಲ್ಲಿ ಒಂದು ಪಾಲು ತಲೆ ಅಲ್ಲಾಡಿದ್ದರ ಫಲ ಆಗಿರಬಹುದು. ನಡವಳಿಕೆ ಚಿತ್ರದೊಳಗೇ ನುಸುಳಿಬಿಡುತ್ತದೆ.

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ದೊಡ್ಡ ಅಯಸ್ಕಾಂತದೊಳಗೆ ಕೊಡುವ ಸಂಕೇತದಿಂದ ಚಿತ್ರ ಬರುತ್ತದೆ. ಈ ವಿದ್ಯೆಗಾಗಿ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಒಂದೇ ಸ್ಕ್ಯಾನಿನಲ್ಲಿ ಬೇರೆ ಬೇರೆ ಬಗೆಯ ಚಿತ್ರ ತೆಗೆಯುತ್ತಾರೆ. ಇವರ ಕೇಸಿನಲ್ಲಿ ಮುಖ್ಯವಾದದ್ದು ಫ್ಲೇರ್ ಅನ್ನುವ ಬಗೆ. ಅದರಲ್ಲಿ ಮೆದುಳಿನ ಕುಳಿಗಳಲ್ಲಿರುವ ನೀರು ಕಪ್ಪಾಗುತ್ತದೆ, ಹಾಳಾದ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ.

ಬೆಳ್ಳಗೆ ಕಂಡಿದ್ದು ತುಂಬಾ. ನೀರಿನ ಕುಳಿಗಳ ಸುತ್ತ ಮೆದುಳಿನ ಬಿಳಿ ಭಾಗದಲ್ಲಿ ಕಲೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. 1987ರಿಂದ ಬಳಕೆಯಲ್ಲಿರುವ ಫಜೆಕಾಸ್ ಅಳತೆಯಲ್ಲಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ಇವರಿಗೆ 3. ಬಲಗಡೆ ಕಾಡೇಟ್ ಅನ್ನುವ ಒಳಗಿನ ಗಂಟಿನ ತಲೆಯಲ್ಲಿ ಒಂದು ಸಣ್ಣ ತೂತು. ಯಾವಾಗಲೋ ಸದ್ದಿಲ್ಲದೆ ಆಗಿಹೋದ ಪುಟ್ಟ ಸ್ಟ್ರೋಕ್ ಅದು. ಇನ್ನೊಂದು ಬಗೆಯ ಚಿತ್ರದಲ್ಲಿ ಒಳಭಾಗದಲ್ಲಿ ಕಪ್ಪು ಚುಕ್ಕೆಗಳು, ಅಂದರೆ ಹಿಂದೆ ರಕ್ತ ಒಸರಿದ ಗುರುತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ವಯಸ್ಸಿಗೆ ತಕ್ಕ ಹಾಗೆ ಇತ್ತು. ಪದ ಗುರುತು ಹಿಡಿದ ಪರೀಕ್ಷೆಗೆ ಇದು ಹೊಂದಿಕೊಂಡಿತು.

ಚಿತ್ರ ಹೇಳದೆ ಬಿಟ್ಟಿದ್ದು

ಇಲ್ಲಿಗೆ ಕಥೆ ಮುಗಿಯಿತು, ಕಾರಣ ಸಿಕ್ಕಿತು ಅಂತ ಮಗನಿಗೆ ಅನಿಸಿತು. ಅಷ್ಟು ಸಲೀಸಲ್ಲ. 60 ದಾಟಿದವರಲ್ಲಿ ಬಹುಪಾಲು ಜನರ ಸ್ಕ್ಯಾನಿನಲ್ಲಿ ಒಂದಿಷ್ಟು ಬಿಳಿ ಕಲೆ ಇದ್ದೇ ಇರುತ್ತದೆ. ಸಾಕಷ್ಟು ಕಲೆ ಇದ್ದೂ ಅಂಗಡಿ ನಡೆಸಿಕೊಂಡು ಆರಾಮಾಗಿ ಇರುವವರಿದ್ದಾರೆ. ರಿಪೋರ್ಟಿನಲ್ಲಿ "ವಯಸ್ಸಿನ ಬದಲಾವಣೆ" ಅಂತ ಒಂದು ಸಾಲು ಬರೆದು ಕಳಿಸಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಇವರ ಚಿತ್ರಕ್ಕೆ ಅರ್ಥ ಕೊಟ್ಟಿದ್ದು ಕಲೆ ಎಲ್ಲಿದೆ ಅನ್ನುವುದು. ಕೆಲಸ ಶುರು ಮಾಡುವ ಉಮೇದು ಮೆದುಳಿನ ಮುಂಭಾಗ ಮತ್ತು ಒಳಗಿನ ಗಂಟುಗಳ ನಡುವೆ ಓಡಾಡುವ ಸುತ್ತುದಾರಿಗಳಿಂದ ಬರುತ್ತದೆ. ಕಾಡೇಟ್ ಆ ದಾರಿಯಲ್ಲಿದೆ. ಬಿಳಿ ಭಾಗದ ಎಳೆಗಳು ಆ ದಾರಿಯೇ. ಕಾಡೇಟ್ ತಲೆಯಲ್ಲಿ ಪುಟ್ಟ ಸ್ಟ್ರೋಕ್ ಆದವರಲ್ಲಿ ಇಂಥದೇ ನಿರಾಸಕ್ತಿಯನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸಣ್ಣ ರಕ್ತನಾಳದ ಕಾಯಿಲೆ ಇದ್ದವರನ್ನು ನೋಡಿ ಬ್ರಿಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸವೂ ಇಲ್ಲಿಗೆ ಹೊಂದುತ್ತದೆ. ಬಿಳಿ ಎಳೆಗಳ ಹಾನಿಗೆ ತಳುಕು ಹಾಕಿಕೊಂಡಿದ್ದು ನಿರಾಸಕ್ತಿ. ಖಿನ್ನತೆಗೆ ಆ ನಂಟು ಕಾಣಲಿಲ್ಲ. ಎರಡೂ ಒಂದೇ ಥರ ಕಂಡರೂ ಬೇರೆ ಬೇರೆ.

ಯೋಚನೆ ಮಾಡುವಾಗ ಯಾವ ಭಾಗ "ಬೆಳಗುತ್ತದೆ" ಅಂತ ತೋರಿಸುವ ಫಂಕ್ಷನಲ್ ಎಂಆರ್‌ಐ ಮಾಡಿಸಬೇಕಾ ಅಂತ ಮಗ ಕೇಳಿದ. ಯೂಟ್ಯೂಬಿನಲ್ಲಿ ನೋಡಿದ್ದನಂತೆ. ಬೇಡ ಅಂದೆ. ಅದು ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತ. ಗುಂಪುಗಳ ಅಧ್ಯಯನಕ್ಕೆ ಅದು ಒಳ್ಳೆಯ ಸಾಧನ, ಒಬ್ಬ ಮನುಷ್ಯನ ನಿರಾಸಕ್ತಿಗೆ ಕಾರಣ ಹೇಳಲಾರದು. ಅಮೆರಿಕದಲ್ಲಿ 2009ರಲ್ಲಿ ಕೆಲವರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಅದಕ್ಕೆ ಫೋಟೋಗಳನ್ನು ತೋರಿಸಿದರು. ಲೆಕ್ಕಾಚಾರದಲ್ಲಿ ಎಚ್ಚರ ತಪ್ಪಿದರೆ ಸತ್ತ ಮೀನಿನ ಮೆದುಳೂ "ಕೆಲಸ ಮಾಡಿದಂತೆ" ಕಾಣುತ್ತದೆ ಅಂತ ತೋರಿಸಿಕೊಟ್ಟರು. ನನಗೆ ತುಂಬಾ ಇಷ್ಟವಾದ ಪ್ರಯೋಗ ಅದು. 2022ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. ಜನರ ನಡವಳಿಕೆಯಲ್ಲಿನ ಸಣ್ಣ ವ್ಯತ್ಯಾಸಗಳನ್ನು ಮೆದುಳಿನ ಚಿತ್ರದ ಜೊತೆ ನಂಬಿಕೆಯಾಗಿ ಜೋಡಿಸಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕು ಅಂತ. ಇಪ್ಪತ್ತು ಮೂವತ್ತು ಜನರ ಅಧ್ಯಯನದಿಂದ ಹುಟ್ಟಿದ ಸುದ್ದಿಗಳನ್ನು ನಾವೆಲ್ಲ ಎಷ್ಟು ಓದಿದ್ದೇವೆ, ಅಲ್ವಾ?

ಇನ್ನೊಂದು ತೊಡಕು, ಯಾರ ಜೊತೆ ಹೋಲಿಸುವುದು ಅನ್ನುವುದು. ಹಿಪೊಕ್ಯಾಂಪಸ್ "ವಯಸ್ಸಿಗೆ ತಕ್ಕ ಹಾಗೆ ಇದೆ" ಅಂದರೆ ಯಾರ ವಯಸ್ಸಿಗೆ? ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನುವ ದೊಡ್ಡ ಆರೋಗ್ಯ ಅಧ್ಯಯನ ಒಂದು ಲಕ್ಷ ಜನರ ಸ್ಕ್ಯಾನ್ ಗುರಿಯನ್ನು 2025ರಲ್ಲಿ ಮುಟ್ಟಿತು. ಆದರೆ ಅವರಲ್ಲಿ ಹೆಚ್ಚಿನವರು ಬಿಳಿಯರು, ಅನುಕೂಲಸ್ಥರು. ಹೈದರಾಬಾದಿನ ಐಐಐಟಿಯವರು 2019ರಲ್ಲಿ ನೂರು ಭಾರತೀಯರ ಸ್ಕ್ಯಾನ್ ಸೇರಿಸಿ ಒಂದು ಮೆದುಳಿನ ನಕ್ಷೆ ಮಾಡಿದರು. ಅವರೆಲ್ಲ ಇಪ್ಪತ್ತರ ಹರೆಯದವರು. ನಾಲ್ಕನೇ ಕ್ಲಾಸು ಓದಿದ, ಬಿಸಿಲಲ್ಲಿ ದುಡಿದ 62ರ ರೈತನಿಗೆ ಇವೆರಡೂ ಸರಿಯಾದ ಜೋಡಿ ಆಗಲಾರವು.

ಜೋಡಿ ಸಿಗುವ ಜಾಗ ಅವರದೇ ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಿಂದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸ್ಯಾನ್ಸ್‌ಕಾಗ್ ಅನ್ನುವ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ವಂಶವಾಹಿ, ಎಂಆರ್‌ಐ ಎಲ್ಲ ಅದರಲ್ಲಿದೆ. ಮಾವಿಗೆ ಹೆಸರಾದ ತಾಲ್ಲೂಕು ಮೆದುಳಿನ ಅಧ್ಯಯನಕ್ಕೂ ಹೆಸರಾಗುತ್ತಿರುವುದು ಹೆಚ್ಚಿನ ಕೋಲಾರದವರಿಗೇ ಗೊತ್ತಿಲ್ಲ. ನಮ್ಮ ಯಜಮಾನರು ಅದರಲ್ಲಿ ಸೇರಿದವರಲ್ಲ. ಆದರೆ ಮುಂದೆ ಅವರಂಥವರ ಸ್ಕ್ಯಾನ್ ಓದುವವರಿಗೆ ಅವರ ಅಕ್ಕಪಕ್ಕದ ಊರಿನವರ ಅಂಕಿಗಳೇ ದಿಕ್ಕು.

ಮನೆಯವರಿಗೆ ಹೇಳಿದ್ದು

ಮಗನಿಗೆ ಪಂಪ್‌ಸೆಟ್ ಭಾಷೆಯಲ್ಲೇ ಹೇಳಿದೆ. ಮೋಟಾರು ಸುಟ್ಟಿಲ್ಲ, ಬೋರಿನಲ್ಲಿ ನೀರೂ ಇದೆ, ಸ್ಟಾರ್ಟರಿನಿಂದ ಹೋಗುವ ವೈರು ಸವೆದಿದೆ ಅಂತ. ತಕ್ಷಣ ಹಿಡಿದುಕೊಂಡ. "ಹಂಗಾದ್ರೆ ನಾಯ್ನ (ಅಪ್ಪ) ಬೇಕೂಂತ ಮಾಡ್ತಿಲ್ಲ" ಅಂದ. ಈ ಒಂದು ಮಾತು ಹೊರಡಿಸಿದ್ದಕ್ಕೇ ಸ್ಕ್ಯಾನಿನ ದುಡ್ಡು ಸಾರ್ಥಕ ಅಂತ ನನ್ನ ಅನಿಸಿಕೆ. ಸೋಮಾರಿ ಅಂದಿದ್ದ ನೆಂಟರಿಗೆ ಆಮೇಲೆ ಅವನೇ ಫಿಲಂ ತೋರಿಸಿ ಬಾಯಿ ಮುಚ್ಚಿಸಿದನಂತೆ.

ಬೋರಿನ ನೀರಿನ ಫ್ಲೋರೈಡಿನಿಂದ ಆಯಿತಾ ಅಂತ ಹೆಂಡತಿ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಫ್ಲೋರೈಡು ಹಲ್ಲು, ಮೂಳೆ ಕೆಡಿಸುವುದು ನಿಜ. ಆದರೆ ಈ ಕಲೆಗಳು, ಈ ತೂತು, ಒಳಗಿನ ಈ ಚುಕ್ಕೆಗಳು ಬಿಪಿಯ ಕೈಬರಹ. ವರ್ಷಗಟ್ಟಲೆ ಒತ್ತಡ ತಿಂದ ಸಣ್ಣ ನಾಳಗಳ ಗೋಡೆ ದಪ್ಪಗಾಗಿ, ಒಳದಾರಿ ಕಿರಿದಾಗಿ, ತುದಿಯ ಭಾಗಕ್ಕೆ ರಕ್ತ ಸಾಲದೆ ಹೀಗಾಗುತ್ತದೆ. ನೋವಿರುವುದಿಲ್ಲ. ಅದಕ್ಕೇ ಮಾತ್ರೆ ಬಿಡುತ್ತಾರೆ.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಬಿಪಿ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್. ಖಿನ್ನತೆಯ ಮಾತ್ರೆಯನ್ನು ನ್ಯೂರಾಲಜಿಸ್ಟ್ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಆಸ್ಪಿರಿನ್ ಕೊಡಬೇಕಾ ಅನ್ನುವುದಕ್ಕೆ ಆ ಕಪ್ಪು ಚುಕ್ಕೆಗಳು ಅಡ್ಡ ಬಂದವು. ರಕ್ತ ಒಸರಿದ ಗುರುತು ಇರುವವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಯೋಚಿಸಿ ಕೊಡಬೇಕು. ಬಿಪಿ ಹತೋಟಿಗೆ ಬಂದ ಮೇಲೆ ಕಡಿಮೆ ಡೋಸಿನಲ್ಲಿ ಶುರು ಮಾಡಿದರು. ಸ್ಕ್ಯಾನ್ ಇಲ್ಲದಿದ್ದರೆ ಈ ಎಚ್ಚರ ಸಾಧ್ಯವಿರಲಿಲ್ಲ.

ಬಿಪಿ ಇಳಿಸಿದರೆ ಆದ ಕಲೆ ಮಾಯವಾಗುತ್ತದಾ? ಅಂಥ ಆಸೆ ಕೊಡಲಿಲ್ಲ. ಅಮೆರಿಕದ ಸ್ಪ್ರಿಂಟ್ ಪ್ರಯೋಗದ 2019ರ ಫಲಿತಾಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲಿನ ಬಿಪಿಯನ್ನು 120ರ ಒಳಗೆ ತರಲು ನೋಡಿದ ಗುಂಪಿನಲ್ಲಿ ಸುಮಾರು ನಾಲ್ಕು ವರ್ಷದಲ್ಲಿ ಬಿಳಿ ಕಲೆ 0.92 ಘನ ಸೆಂಟಿಮೀಟರ್ ಬೆಳೆಯಿತು. 140ರ ಗುರಿ ಇಟ್ಟ ಗುಂಪಿನಲ್ಲಿ 1.45. ಅಂದರೆ ಕಲೆ ಎರಡೂ ಕಡೆ ಬೆಳೆಯಿತು, ಒಂದು ಕಡೆ ನಿಧಾನವಾಗಿ. ಮರೆವಿನ ಮೊದಲ ಹಂತಕ್ಕೆ ಹೋಗುವವರ ಸಂಖ್ಯೆಯೂ ಮೊದಲ ಗುಂಪಿನಲ್ಲಿ ಕಡಿಮೆಯಾಯಿತು.

ನಿರಾಸಕ್ತಿಗೇ ಅಂತ ಪಕ್ಕಾ ಔಷಧಿ ಇಲ್ಲ. ಮನೆಯಲ್ಲಿ ಮಾಡುವುದೇ ಜಾಸ್ತಿ. "ತೋಟಕ್ಕೆ ಬರ್ತೀಯಾ?" ಅಂತ ಕೇಳಬೇಡಿ ಅಂದೆ. ಕೇಳಿದರೆ ಉತ್ತರ ಶುರು ಮಾಡಬೇಕಾದವರು ಅವರು. "ಬಾ ನಾಯ್ನಾ" ಅಂತ ಕೈಗೆ ಕತ್ತರಿ ಕೊಡಿ. ದಿನಾ ಒಂದೇ ಹೊತ್ತು, ಒಂದೇ ಕೆಲಸ. ಮೂತ್ರಕ್ಕೆ ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ. ಸೊಸೆ ಇದನ್ನೆಲ್ಲ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಳು. "ಮಾವ, ಏಳಿ" ಅಂದರೆ ಏಳುತ್ತಾರೆ.

ಒಂದು ವರ್ಷದ ಮೇಲೆ ಬಿಪಿ 130ರ ಆಸುಪಾಸು ನಿಂತಿದೆ. ಕರೆದರೆ ತೋಟಕ್ಕೆ ಹೋಗುತ್ತಾರೆ. ಟೊಮೆಟೊ ಗ್ರೇಡಿಂಗ್ ಮಾಡಿಸಿದರೆ ತಪ್ಪಿಲ್ಲದೆ ಮಾಡುತ್ತಾರೆ. ತಾವಾಗಿ ಎದ್ದು ಹೊರಟಿದ್ದನ್ನು ಯಾರೂ ನೋಡಿಲ್ಲ. ನಡಿಗೆ ಹಾಗೇ ಇದೆ, ಬಿದ್ದಿಲ್ಲ. ಕಸಿ ಕಟ್ಟಲು ಒಮ್ಮೆ ಚಾಕು ಕೊಟ್ಟು ನೋಡಿದರಂತೆ. ಒಂದು ಗಿಡಕ್ಕೆ ಕಟ್ಟಿ ಕೂತರು. ಆ ಕಸಿ ಹತ್ತಿತು.

ಇನ್ನೊಂದು ಸ್ಕ್ಯಾನ್ ಮಾಡಿಸೋಣ, ಕಲೆ ಎಷ್ಟಾಗಿದೆ ನೋಡೋಣ ಅಂದ ಮಗ. ನ್ಯೂರಾಲಜಿಸ್ಟ್ ಬೇಡ ಅಂದರು. ಏನೇ ಕಂಡರೂ ಚಿಕಿತ್ಸೆ ಬದಲಾಗುವುದಿಲ್ಲ. ಹೊಸದಾಗಿ ಏನಾದರೂ ಆದರೆ ಆಗ ನೋಡೋಣ ಅಂದರು. "ಹಂಗಾದ್ರೆ ನನಗಾದ್ರೂ ಮಾಡಿಸಿ" ಅಂದ. ಅವನಿಗೆ 38. ತಲೆನೋವಿಲ್ಲ, ತಲೆಸುತ್ತಿಲ್ಲ ಅಂತ ಅಪ್ಪನ ಮಾತನ್ನೇ ಆಡಿದ. ತೋಳಿಗೆ ಬಿಪಿ ಪಟ್ಟಿ ಸುತ್ತಿದೆವು. 152/96. ಒಂದು ಸಲದ ಅಂಕಿ ನೋಡಿ ಏನೂ ಹೇಳಬಾರದು. 2024ರಲ್ಲಿ ಕೋಲಾರದಿಂದಲೇ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಮನೆ ಬಾಗಿಲಲ್ಲೇ ನೋಡುತ್ತಾರೆ. ಅವರ ಊರಿಗೂ ಬರುತ್ತಾರೆ, ಈತ ಮಂಡಿಯಲ್ಲಿದ್ದೆ ಅಂತ ತಪ್ಪಿಸಿಕೊಂಡಿದ್ದ. ವಾರ ಬಿಟ್ಟು ಎರಡು ಸಲ ಪಿಎಚ್‌ಸಿಯಲ್ಲಿ ನೋಡಿಸಿ ಚೀಟಿ ತಗೊಂಡು ಬಾ ಅಂತ ಹೇಳಿ ಕಳಿಸಿದೆವು. ಎರಡು ಚೀಟಿಯಲ್ಲೂ ಮೇಲಿನದು 150ರ ಮೇಲೇ ಇತ್ತು. ಈಗ ಅಪ್ಪ, ಮಗ ಇಬ್ಬರೂ ಒಂದೇ ದಿನ ಪಿಎಚ್‌ಸಿಯಿಂದ ತಿಂಗಳ ಮಾತ್ರೆ ತರುತ್ತಾರೆ.